ಒತ್ತಕ್ಷರಕ್ಕೂ ಜಾಗ ಬೇಕು

ಪುಸ್ತಕದ ವಿಮರ್ಶೆ ಬರೆಯುವವರು ಕಥೆ, ಪಾತ್ರ, ಶೈಲಿ ಎಂದು ನಾಲ್ಕು ಪುಟ ಬರೆದು, ಕಡೆಗೆ 'ಮುದ್ರಣ ಅಚ್ಚುಕಟ್ಟಾಗಿದೆ, ರಕ್ಷಾಪುಟ ಆಕರ್ಷಕವಾಗಿದೆ' ಎಂದು ಒಂದು ಸಾಲು ಸೇರಿಸಿ ಮುಗಿಸುವುದು ನಮ್ಮಲ್ಲಿ ರೂಢಿ. ಆ ಸಾಲು ಬರೆಯುವಾಗ ಅವರು ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುತ್ತಾರೋ ಇಲ್ಲವೋ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಕಂಪ್ಯೂಟರಿನ ತೆರೆಯ ಮೇಲೆ, ಮೊಬೈಲಿನ ಗಾಜಿನ ಮೇಲೆ ಮೂಡುವ ಕನ್ನಡಕ್ಕೆ ಅಷ್ಟು ಭಾಗ್ಯವೂ ಇಲ್ಲ. ಪುಸ್ತಕ ಹಿಡಿಯದ ದಿನವಾದರೂ ಇರಬಹುದು, ತೆರೆಯ ಮೇಲೆ ಏನನ್ನೂ ಓದದ ದಿನ ಈಗ ನಮ್ಮ ಮನೆಗಳಲ್ಲಿಲ್ಲ. ಕರೆಂಟು ಬಿಲ್ಲು, ಗ್ಯಾಸ್ ಸಿಲಿಂಡರಿನ ಸಂದೇಶ, ಮೊಮ್ಮಗನ ಶಾಲೆಯ ಸೂಚನೆ, ಹೊಲದ ಪಹಣಿ, ತಂಗಿ ಕಳಿಸಿದ ಉಪ್ಪಿನಕಾಯಿಯ ಅಳತೆ ಎಲ್ಲವೂ ಅಲ್ಲೇ. ಇಷ್ಟೊಂದು ಓದಿಸುವ ಅಕ್ಷರವನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಈ ಸಲ ಕಥೆ ಕಾದಂಬರಿಗಳನ್ನು ಪಕ್ಕಕ್ಕಿಟ್ಟು, ತೆರೆಯ ಮೇಲಿನ ಅಕ್ಷರ ಮತ್ತು ಅದರ ಬಣ್ಣವನ್ನೇ ಕೃತಿ ಎಂದುಕೊಂಡು ನಾಲ್ಕು ಮಾತು ಬರೆಯುತ್ತೇನೆ.

ನನ್ನ ಅಳತೆಗೋಲು ಹಳೆಯದು. ನಾನು ಬಹಳ ವರ್ಷ ಕನ್ನಡ ಪಾಠ ಹೇಳಿದವಳು. ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಮುಂದಿನ ಸಾಲಿನ ಜಾಣೆ ಓದಿದರೆ ಸಾಲದು. ಕೊನೆಯ ಬೆಂಚಿನಲ್ಲಿ, ಕಿಟಕಿಯ ಬಿಸಿಲು ಹಲಗೆಗೆ ಹೊಡೆಯುವ ಮೂಲೆಯಲ್ಲಿ ಕುಳಿತ ಹುಡುಗಿ ಕಣ್ಣು ಕಿರಿದುಮಾಡದೆ ಓದಬೇಕು. ತೆರೆಗೂ ಒಂದು ಕೊನೆಯ ಬೆಂಚಿದೆ. ಅದು ಚಿಗಟೇರಿಯಂಥ ಊರಿನ ಮಧ್ಯಾಹ್ನದ ಬಿಸಿಲಿನಲ್ಲಿ, ಕಟ್ಟೆಯ ಮೇಲೆ, ಐವತ್ತು ದಾಟಿದ ಹೆಂಗಸಿನ ಕೈಯಲ್ಲಿ, ಮಗ ಬಳಸಿ ಬಿಟ್ಟ ಗೀರುಬಿದ್ದ ಫೋನಿನಲ್ಲಿದೆ. ಹರಪನಹಳ್ಳಿ ತಾಲ್ಲೂಕಿನ ಈ ಊರು ನಾರದಮುನಿಯ ಗುಡಿಗೆ ಹೆಸರಾದದ್ದು. ಮೂರು ಲೋಕದ ಸುದ್ದಿಯನ್ನು ಬಾಯಲ್ಲೇ ಹೊತ್ತು ತಿರುಗಿದ ಮುನಿಗೆ ಅಕ್ಷರದ ಗಾತ್ರದ ಚಿಂತೆ ಇರಲಿಲ್ಲ. ನಮಗಿದೆ.

ತೆರೆಯ ಮೇಲೆ ಅಕ್ಷರ ಹೇಗೆ ಮೂಡುತ್ತದೆ ಎಂಬುದನ್ನು ಹೆಂಗಸರಿಗೆ ವಿವರಿಸುವುದು ಬಲು ಸುಲಭ. ಅದು ಚುಕ್ಕಿ ರಂಗೋಲಿ. ತೆರೆಯ ತುಂಬ ಒತ್ತೊತ್ತಾಗಿ ಚುಕ್ಕಿಗಳಿರುತ್ತವೆ. ಯಾವ ಚುಕ್ಕಿ ಬೆಳಗಬೇಕು, ಯಾವುದು ಕಪ್ಪಾಗಿರಬೇಕು ಎಂದು ಹೇಳಿದರೆ ಅಕ್ಷರ ಕಾಣಿಸುತ್ತದೆ. ಏಳು ಚುಕ್ಕಿಯಲ್ಲಿ ನಕ್ಷತ್ರ ಬಿಡಿಸಬಹುದು, ಗರಿ ಬಿಚ್ಚಿದ ನವಿಲು ಬಿಡಿಸಲಾಗದು ಎಂದು ಧನುರ್ಮಾಸದಲ್ಲಿ ಬಾಗಿಲು ಸಾರಿಸಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನ ಎಚ್, ಎಲ್, ಟಿ ಮುಂತಾದವು ನೆಟ್ಟಗೆ ನಿಂತ ಗೆರೆಗಳು, ಐದಾರು ಚುಕ್ಕಿಯಲ್ಲಿ ಮುಗಿಯುತ್ತವೆ. ನಮ್ಮವು ದುಂಡು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ಅಕ್ಷರಗಳು ದುಂಡಗಾದವೆಂದು ಹೇಳುವುದುಂಟು. ದುಂಡಕ್ಷರಕ್ಕೆ ಚುಕ್ಕಿ ಹೆಚ್ಚು ಬೇಕು. 1990ರ ದಶಕದ ಕಂಪ್ಯೂಟರುಗಳಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿಗಳ ತೆರೆ ಸಾಮಾನ್ಯವಾಗಿತ್ತು. ಒಂದು ಸಾಲಿಗೆ ಹದಿನಾರು ಚುಕ್ಕಿಯ ಎತ್ತರ ಸಿಕ್ಕಿತೆನ್ನಿ. ಅದರಲ್ಲೇ ತಲೆಕಟ್ಟು, ಗುಡಿಸು, ಅಕ್ಷರದ ಒಡಲು, ಅದರಡಿಯ ಒತ್ತು ಎಲ್ಲವೂ ಹಂಚಿಕೊಂಡು ಬಾಳಬೇಕು. ಒಂದೇ ಅಂಕಣದ ಮನೆಯಲ್ಲಿ ಅವಿಭಕ್ತ ಕುಟುಂಬ ಇದ್ದ ಹಾಗೆ.

ಈಗಿನ ಫೋನುಗಳಲ್ಲಿ ಚುಕ್ಕಿಗೆ ಬರವಿಲ್ಲ. ಒಂದು ಅಂಗುಲದಲ್ಲಿ 300 ಚುಕ್ಕಿ ಮೀರಿದ ಫೋನುಗಳು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಹಾಗಿದ್ದೂ ಕನ್ನಡ ಓದುವುದು ಕಷ್ಟವೆನಿಸಿದರೆ ದೋಷ ಗಾಜಿನದಲ್ಲ, ಅದರ ಮೇಲೆ ಅಕ್ಷರ ಜೋಡಿಸಿದವರದು. ಸಾಲಿನ ಎತ್ತರವನ್ನು, ಗುಂಡಿಯ ಅಗಲವನ್ನು, ಕಾಗದದ ಅಂಚನ್ನು ಮೊದಲು ಇಂಗ್ಲಿಷಿಗೆ ಅಳೆದು ಹೊಲಿಯುತ್ತಾರೆ. ಆಮೇಲೆ ಅದೇ ರವಿಕೆಯನ್ನು ಕನ್ನಡಕ್ಕೆ ತೊಡಿಸುತ್ತಾರೆ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಸಾಲಿನ ಕೆಳಗೆ ಕಾಲು ಚಾಚುವುದು ಜಿ, ಜೆ, ಪಿ, ಕ್ಯೂ, ವೈ ಎಂಬ ಐದೇ ಐದು. ಕನ್ನಡದಲ್ಲಿ ಕೆಳಗಿನ ಅಂತಸ್ತು ಎಂದರೆ ಅರ್ಧ ಸಂಸಾರ.

ನಮ್ಮ ಸೀಮೆಯ ಬಸ್ಸಿನ ಬೋರ್ಡುಗಳೇ ಇದಕ್ಕೆ ಒಳ್ಳೆಯ ಪರೀಕ್ಷೆ. 'ಚಿಗಟೇರಿ' ಎಂಬುದು ತೆರೆಗೆ ಕರುಣೆ ತೋರಿಸುವ ಹೆಸರು. ನಾಲ್ಕೇ ಅಕ್ಷರ, ಕೆಳಗೆ ಏನೂ ಇಲ್ಲ, ಮಹಾಪ್ರಾಣವಿಲ್ಲ. ಎಂಥ ಕೆಟ್ಟ ಅಕ್ಷರದಲ್ಲಿ ಬರೆದರೂ ಊರು ಊರಾಗಿಯೇ ಉಳಿಯುತ್ತದೆ. 'ಕೂಡ್ಲಿಗಿ'ಯಲ್ಲಿ ಒಂದು ಒತ್ತು. 'ಕೊಟ್ಟೂರು' ಎಂದೊಡನೆ ಮೇಲೆ ಓತ್ವ, ಕೆಳಗೆ ಒತ್ತು, ಪಕ್ಕಕ್ಕೆ ಕೊಂಬಿನ ದೀರ್ಘ. 'ಹಗರಿಬೊಮ್ಮನಹಳ್ಳಿ' ಎಂದು ಒಂದು ಗುಂಡಿಯೊಳಗೆ ಬರೆಯಹೊರಟರೆ ಅರ್ಧ ಊರು ಗುಂಡಿಯ ಹೊರಗೆ. 'ಉಚ್ಚಂಗಿದುರ್ಗ'ಕ್ಕೆ ಒತ್ತು, ಸೊನ್ನೆ, ಅರ್ಕಾವೊತ್ತು ಮೂರೂ ಬೇಕು. ಯಾವುದೇ ಹೊಸ ಅಕ್ಷರವಿನ್ಯಾಸ ಬಂದರೂ ನಾನು ಮೊದಲು ಈ ಐದು ಊರುಗಳಿಗೆ ಒಂದು ಸುತ್ತು ಹೋಗಿಬರುತ್ತೇನೆ.

ಆರನೆಯ ಪದವೊಂದಿದೆ, ಅದು ನಮ್ಮನ್ನೇ ಕರೆಯುವ ಪದ: 'ಸ್ತ್ರೀ'. ಬರೆದು ನೋಡಿ. ನಡುವೆ ಸಕಾರ, ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ತಕಾರದ ಒತ್ತು, ಅದರ ಮಗ್ಗುಲಿಗೆ ರಕಾರದ ಒತ್ತು. ಒಂದೇ ಅಕ್ಷರದಲ್ಲಿ ಇಷ್ಟೊಂದು ಹೊತ್ತ ಪದ ಕನ್ನಡದಲ್ಲಿ ಬಹಳವಿಲ್ಲ. 2000ರ ಸುಮಾರಿಗೆ ಕರ್ನಾಟಕದಲ್ಲಿ 'ಸ್ತ್ರೀಶಕ್ತಿ' ಗುಂಪುಗಳು ಶುರುವಾದವು. 2023ರ ಜುಲೈಯಲ್ಲಿ, ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ 'ಗೃಹಲಕ್ಷ್ಮಿ'ಯ ನೋಂದಣಿ ಆರಂಭವಾಯಿತು. ಗಕಾರಕ್ಕೆ ವಟ್ರಸುಳಿ, 'ಕ್ಷ್ಮಿ'ಗೆ ಎರಡು ಒತ್ತು! ಹೆಂಗಸರಿಗಾಗಿ ಮಾಡಿದ ಯೋಜನೆಗಳ ಹೆಸರುಗಳೇ ಕೆಳಗಿನ ಅಂತಸ್ತನ್ನು ಹೆಚ್ಚು ಬೇಡುತ್ತವೆ. ಸಾಲಿನ ಎತ್ತರ ಸಾಲದೆ ಈ ಪದಗಳ ಪಾದ ಕತ್ತರಿಸಿಹೋದದ್ದನ್ನು ಫೋನಿನ ಗುಂಡಿಗಳಲ್ಲಿ, ಪಟ್ಟಿಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಸ್ತ್ರೀಯ ಕಾಲು ಕತ್ತರಿಸಿ ಶಕ್ತಿ ಕೊಡುವುದು ಎಂಥ ಸೊಗಸು ನೋಡಿ.

ಕತ್ತರಿಸಿದರೂ ಪದ ಊಹಿಸಿ ಓದಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಕಥೆ ಓದುವಾಗ ಊಹೆ ನಡೆಯುತ್ತದೆ. ಹೆಸರಿಗೆ, ಮೊತ್ತಕ್ಕೆ, ಔಷಧಿಗೆ ಊಹೆ ನಡೆಯುವುದಿಲ್ಲ. ಕನ್ನಡದಲ್ಲಿ ಅರ್ಥವನ್ನು ಹಿಡಿದಿರುವುದು ಎಷ್ಟು ಸಣ್ಣ ಗೆರೆ ಎಂಬುದನ್ನು ನೋಡಿ. 'ದನ'ಕ್ಕೆ ಕೆಳಗೆ ಒಂದು ಗೀಟು ಎಳೆದರೆ 'ಧನ'. 'ಮರ'ದ ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ 'ಮಠ'. 'ಹರ'ನಿಗೆ ಚುಕ್ಕಿ ಇಟ್ಟರೆ 'ಹಠ'. ಪಕಾರ ವಕಾರಗಳ ನಡುವೆ ಇರುವುದು ಗೆರೆ ಕೂಡಿತೋ ಬಿಟ್ಟಿತೋ ಎಂಬ ವ್ಯತ್ಯಾಸ ಮಾತ್ರ. ಹೊಟ್ಟೆ ಸೀಳಿದ ಷಕಾರ ಅದೇ ಪಕಾರದ ಇನ್ನೊಬ್ಬ ಮಗಳು. ಸಣ್ಣ ಗಾತ್ರದಲ್ಲಿ, ತೆಳು ಗೆರೆಯಲ್ಲಿ, ತಿಳಿ ಬಣ್ಣದಲ್ಲಿ ಬರೆದಾಗ ಮೊದಲು ಮಾಯವಾಗುವುದು ಈ ಗೀಟು ಮತ್ತು ಚುಕ್ಕಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡವೆಂದು ವಾದಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ತೆರೆಗಳು ಯಾವ ಚರ್ಚೆಯೂ ಇಲ್ಲದೆ ಅದನ್ನು ಜಾರಿಗೆ ತಂದುಬಿಟ್ಟಿವೆ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ಒಂದು ಧಕಾರವಿದೆ. ಅರ್ಜಿ ತುಂಬಿಸಿಕೊಡುವ ಕೇಂದ್ರವೊಂದರಲ್ಲಿ ಬೆರಳಚ್ಚು ಮಾಡಿದ ಹುಡುಗ 'ನೋಡ್ರಿ ಅಕ್ಕ, ಸರಿ ಐತಾ?' ಎಂದು ತೆರೆಯನ್ನು ಇವಳತ್ತ ತಿರುಗಿಸಿದ. ಬಿಳಿಯ ಮೇಲೆ ಬೂದಿ ಬಣ್ಣದ ಸಣ್ಣಕ್ಷರ. ಇವಳಿಗೆ ತನ್ನ ಹೆಸರಿನ ಆಕಾರ ಕಂಡಿತು, ಹೂಂ ಎಂದಳು. ಕೆಳಗಿನ ಗೀಟು ಇರಲಿಲ್ಲ. ಕಾಗದ ಮುದ್ರಿಸಿ ಕೈಗೆ ಬಂದಾಗ ಧಕಾರವು ದಕಾರವಾಗಿತ್ತು. ಬ್ಯಾಂಕಿನ ಪುಸ್ತಕದಲ್ಲೊಂದು ಹೆಸರು, ಕಾಗದದಲ್ಲೊಂದು ಹೆಸರು. ಅದನ್ನು ಸರಿಪಡಿಸಲು ಅವಳು ಕೂಲಿ ಬಿಟ್ಟು ಅಡ್ಡಾಡಿದ ದಿನಗಳನ್ನು ನಾನು ಲೆಕ್ಕ ಇಟ್ಟಿದ್ದೇನೆ, ನಾಲ್ಕು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಆ ಬೂದಿಯನ್ನೇ ದಿಟ್ಟಿಸುವ ಅವನ ಕಣ್ಣು ನೆನೆದರೆ ಅಯ್ಯೋ ಎನಿಸುತ್ತದೆ. ಎರಡು ಸಲ ಓದಿಸಿ, ತಿದ್ದಿಸಿಕೊಳ್ಳುವ ಪುಟದಲ್ಲಾದರೂ ಹೆಸರನ್ನು ದಪ್ಪಗೆ, ಕಪ್ಪಗೆ ತೋರಿಸಬೇಕೆಂದು ಆ ಪುಟ ಮಾಡಿದವರಿಗೆ ಯಾಕೆ ಹೊಳೆಯಲಿಲ್ಲ ಎಂಬುದೇ ನನ್ನ ಪ್ರಶ್ನೆ.

ಇನ್ನು ಅಕ್ಷರವಿನ್ಯಾಸಗಳ ಮಾತು. ವಿಂಡೋಸ್ ಎಕ್ಸ್‌ಪಿ ಜೊತೆಗೆ 2001ರಲ್ಲಿ ಬಂದ 'ತುಂಗಾ' ಬಹುಕಾಲ ಕಂಪ್ಯೂಟರಿನ ಮನೆದೇವರಾಗಿತ್ತು. ಹೆಸರು ತುಂಗಾ, ಹರಿವು ಮಾತ್ರ ಬೇಸಿಗೆಯ ಹೊಳೆ. ಗೆರೆ ತೆಳು, ಒಡಲು ಪುಟ್ಟದು. ಅದೇ ಗಾತ್ರದ ಇಂಗ್ಲಿಷಿನ ಪಕ್ಕದಲ್ಲಿ ನಿಲ್ಲಿಸಿದರೆ ದೊಡ್ಡ ಸೊಸೆಯ ಪಕ್ಕ ಮುದುಡಿ ನಿಂತ ಕಿರಿಸೊಸೆಯ ಹಾಗೆ ಕಾಣುತ್ತಿತ್ತು. 2012ರ ವಿಂಡೋಸ್ 8ರಿಂದ ಬಂದ 'ನಿರ್ಮಲಾ' ಹೆಸರಿಗೆ ತಕ್ಕಂತೆ ಚೊಕ್ಕ. ಗೆರೆಗೆ ಸಮದಪ್ಪವಿದೆ, ಆದರೆ ಭಾರತದ ಅನೇಕ ಲಿಪಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಅಕ್ಷರವಾದ್ದರಿಂದ ಕನ್ನಡದ ಒತ್ತಿಗೆ ಸಿಕ್ಕ ತುತ್ತು ಸಣ್ಣದೆಂದು ನನ್ನ ಭಾವನೆ. ಗೂಗಲ್ ಮಾಡಿಸಿದ 'ನೋಟೊ'ವನ್ನು ನಾನು ಮೆಚ್ಚುತ್ತೇನೆ. ಅದರ ಹೆಸರಿನ ಹಿಂದೆ ಒಂದು ತಮಾಷೆ ಇದೆ. ಅಕ್ಷರ ಗೊತ್ತಿಲ್ಲದ ಯಂತ್ರ ಖಾಲಿ ಚೌಕ ತೋರಿಸುತ್ತದಲ್ಲ, ಅದಕ್ಕೆ ಅವರು 'ಟೋಫು' ಎನ್ನುತ್ತಾರೆ, ಸೋಯಾ ಹಾಲಿನ ಪನ್ನೀರಿನ ತುಂಡಿನಂತೆ ಕಾಣುವುದರಿಂದ. 'ನೋ ಟೋಫು' ಎಂಬುದೇ ನೋಟೊ ಆಯಿತು. 2012ಕ್ಕೆ ಮುಂಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಸಂದೇಶ ಬಂದರೆ ಚೌಕಗಳ ಮೆರವಣಿಗೆ ಹೊರಡುತ್ತಿದ್ದುದು ನಿಮಗೂ ನೆನಪಿರಬಹುದು. ನೋಟೊದಲ್ಲಿ ಒಡಲು ಅಗಲ, ಠಕಾರದ ಚುಕ್ಕಿ ಸ್ಪಷ್ಟ. ಆದರೆ ಅದರ ತೀರ ತೆಳು ನಮೂನೆಯೊಂದಿದೆ. ಅದನ್ನು ಸಾಲುಗಟ್ಟಿ ಓದಿಸಲು ಬಳಸುವವರಿಗೆ ಓದುವವರ ಮೇಲೆ ಏನೋ ಹಳೆಯ ದ್ವೇಷವಿರಬೇಕು.

ನಮ್ಮವರು ಮಾಡಿದ್ದನ್ನು ಬಿಡುವಂತಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಸರ್ಕಾರಿ ಕಚೇರಿಗಳ ಕಡತವನ್ನೆಲ್ಲ ಕಂಪ್ಯೂಟರಿಗೆ ತಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಉಪಕಾರ ಕನ್ನಡ ಒತ್ತುವ ಪ್ರತಿ ಬೆರಳಿನ ಮೇಲೂ ಇದೆ. 1998ರಲ್ಲಿ ಶೇಷಾದ್ರಿವಾಸು 'ಬರಹ'ವನ್ನು ಹೊರತಂದ ಮೇಲೆ ಮನೆಯಲ್ಲಿ ಕೂತು ಕನ್ನಡ ಬರೆಯುವುದು ಸಲೀಸಾಯಿತು. ಈ ಅಕ್ಷರಗಳು ಮುಖ್ಯವಾಗಿ ಕಾಗದಕ್ಕೆ ಇಳಿಯಲೆಂದು ಹುಟ್ಟಿದವು. ಹಳೆಯ ಅಚ್ಚುಮೊಳೆಯ ದಪ್ಪ-ತೆಳುವಿನ ಬಳುಕು ಅವುಗಳಲ್ಲಿದೆ. ಮುದ್ರಿಸಿದಾಗ ಚೆಂದ. ತೆರೆಯ ಮೇಲೆ ಸಣ್ಣದಾಗಿ ಹಿಡಿದರೆ ತೆಳುವಾದ ಭಾಗ ಕರಗಿ ಅಕ್ಷರ ಎರಡು ತುಂಡಾದಂತೆ ಕಾಣುತ್ತದೆ. ಲಿನಕ್ಸ್ ಬಳಸುವವರಿಗೆ ಉಚಿತವಾಗಿ ಸಿಕ್ಕ 'ಕೇದಗೆ', 'ಮಲ್ಲಿಗೆ' ಎಂಬ ಅಕ್ಷರಗಳೂ ಇವೆ. ಹಡಗಲಿ ಮಲ್ಲಿಗೆಯ ಸೀಮೆಯವಳಾದ ನನಗೆ ಹೆಸರು ಕೇಳಿಯೇ ಅರ್ಧ ಒಲವು ಬಂದುಬಿಟ್ಟಿತು, ಇದು ವಿಮರ್ಶಕಿಗೆ ಸಲ್ಲದ ಪಕ್ಷಪಾತವೆಂದು ಗೊತ್ತಿದ್ದರೂ.

ಬಣ್ಣದ ವಿಚಾರಕ್ಕೆ ಬಂದರೆ ಅಳೆಯಲು ಒಂದು ಲೆಕ್ಕವೇ ಇದೆ. ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2008ರಲ್ಲಿ ಹೊರಡಿಸಿದ ಸೂತ್ರಗಳ ಪ್ರಕಾರ, ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕಡೇಪಕ್ಷ 4.5ಕ್ಕೆ 1ರಷ್ಟು ಅಂತರವಿರಬೇಕು. ದಪ್ಪನೆಯ ದೊಡ್ಡಕ್ಷರಕ್ಕೆ 3 ಸಾಕು. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು 21. ಅಲ್ಲಿಂದ ಮೇಲೆ ಯಾವ ಜೋಡಿಯೂ ಇಲ್ಲ. ಕಪ್ಪಿನ ಮೇಲೆ ಹಳದಿ 19ಕ್ಕೂ ಹೆಚ್ಚು, ಕಪ್ಪುಹಲಗೆಯ ಮೇಲೆ ಹಳದಿ ಸೀಮೆಸುಣ್ಣ ಹಿಡಿದ ಟೀಚರಮ್ಮಂದಿರಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು. ಬಿಳಿಯ ಮೇಲೆ ನೀಲಿ 8.6. ಅದೇ ನೀಲಿಯನ್ನು ಕಪ್ಪಿನ ಮೇಲೆ ಇಟ್ಟರೆ 2.4, ಅಮಾವಾಸ್ಯೆಯಲ್ಲಿ ಕರಿಬೆಕ್ಕು ಹುಡುಕಿದಂತೆ. ಬಿಳಿಯ ಮೇಲೆ ಹಳದಿ 1.1ನ್ನೂ ಮುಟ್ಟುವುದಿಲ್ಲ.

ನವೆಂಬರ್ ಬಂತೆಂದರೆ ಕನ್ನಡದ ಪುಟಗಳೆಲ್ಲ ಅರಿಶಿನ-ಕುಂಕುಮ ಹಚ್ಚಿಕೊಳ್ಳುತ್ತವೆ. ನೋಡಲು ಮಂಗಳಕರವೇ. ಆದರೆ ಕಂಪ್ಯೂಟರಿನ ಥಳಥಳಿಸುವ ಕೆಂಪನ್ನು ಅಚ್ಚ ಹಳದಿಯ ಮೇಲೆ ಬರೆದರೆ ಸಿಗುವ ಅಂತರ 3.7 ಮಾತ್ರ. ರಾಜ್ಯೋತ್ಸವದ ಉದ್ದನೆಯ ಶುಭಾಶಯವನ್ನು ಹೀಗೆ ಸಣ್ಣಕ್ಷರದಲ್ಲಿ ಬರೆದರೆ ಕಣ್ಣು ಚುರುಗುಟ್ಟುತ್ತದೆ. ಬಾವುಟ ದೂರದಿಂದ ನೋಡುವುದಕ್ಕೆ, ಅದನ್ನು ಯಾರೂ ಓದುವುದಿಲ್ಲ. ಕೆಂಪನ್ನು ತುಸು ಕಪ್ಪಾಗಿಸಿ, ಹಣೆಗಿಡುವ ಗಟ್ಟಿ ಕುಂಕುಮದ ಬಣ್ಣಕ್ಕೆ ತಂದರೆ ಸಾಕು, ಅದೇ ಅರಿಶಿನದ ಮೇಲೆ ಅಂತರ 10ಕ್ಕೆ ಏರುತ್ತದೆ. ಭಕ್ತಿಗೂ ಭಂಗವಿಲ್ಲ, ಕಣ್ಣಿಗೂ.

ಹಿಂದಿನವರು ಇದನ್ನೆಲ್ಲ ಲೆಕ್ಕವಿಲ್ಲದೆ ತಿಳಿದಿದ್ದರು. ತಾಳೆಗರಿಯಲ್ಲಿ ಕೊರೆದ ಅಕ್ಷರ ಗರಿಯ ಬಣ್ಣದ್ದೇ ಆದ್ದರಿಂದ ಕಾಣುವುದಿಲ್ಲ. ಅದಕ್ಕೇ ಮಸಿ ತಿಕ್ಕಿ ಒರೆಸುತ್ತಿದ್ದರು. ಗೆರೆಯೊಳಗೆ ಮಸಿ ಉಳಿದು ಬರಹ ಎದ್ದುಬರುತ್ತಿತ್ತು. ನಮ್ಮ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಶಾಸನಗಳಿವೆ. ಕಲ್ಲೂ ಅಕ್ಷರವೂ ಒಂದೇ ಬಣ್ಣ. ನಡುಮಧ್ಯಾಹ್ನ ನಿಂತರೆ ಏನೂ ತಿಳಿಯದು. ಬೆಳಗಿನ, ಸಂಜೆಯ ಓರೆಬಿಸಿಲು ಬಿದ್ದಾಗ ಗೆರೆಗಳು ನೆರಳು ತುಂಬಿಕೊಂಡು ಅಕ್ಷರವಾಗುತ್ತವೆ. ಸಾವಿರ ವರ್ಷದ ಕಲ್ಲಿಗೆ ಸಂಜೆಯ ಬಿಸಿಲಾದರೂ ಇದೆ. ನಿನ್ನೆ ಮಾಡಿದ ಪುಟದ ಬೂದಿ ಅಕ್ಷರಕ್ಕೆ ಯಾವ ಹೊತ್ತಿನ ಬಿಸಿಲೂ ಒದಗಿಬರುವುದಿಲ್ಲ.

ಈ ಬೂದಿಯೇ ಈಗಿನ ಶೋಕಿ. ಕಪ್ಪು ಒರಟು, ಬೂದಿ ನಾಜೂಕು ಎಂದು ಯಾರೋ ತೀರ್ಮಾನಿಸಿದ್ದಾರೆ. ಕಪ್ಪಿನಿಂದ ಬಿಳಿಯ ಕಡೆಗೆ ಐದರಲ್ಲಿ ಮೂರು ಪಾಲು ಸರಿದ ಬೂದಿ ಬಣ್ಣಕ್ಕೆ ಬಿಳಿಯ ಮೇಲೆ ಸಿಗುವ ಅಂತರ 2.8. ಹಾಗೆ ಬರೆದವರ ವಯಸ್ಸು ಇಪ್ಪತ್ತೈದೋ ಮೂವತ್ತೋ, ಕೂತದ್ದು ತಣ್ಣನೆಯ ಕೋಣೆಯಲ್ಲಿ, ಮುಂದಿರುವುದು ದೊಡ್ಡ ತೆರೆ. ನಲವತ್ತಾದ ಮೇಲೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ. 'ಚಾಳೀಸು' ಎಂಬ ಮಾತಿನಲ್ಲೇ ಆ ನಲವತ್ತು ಕೂತಿದೆ. ಪೊರೆ ಬರುವ ಹೊತ್ತಿಗೆ ಬೆಳಕು ಚೆದುರಿ ತಿಳಿಬಣ್ಣಗಳ ವ್ಯತ್ಯಾಸ ಅಳಿಯುತ್ತದೆ. ಹೊರಗಿನ ಬಿಸಿಲು ಗಾಜಿನ ಮೇಲೆ ಬಿದ್ದರೆ ಇದ್ದ ಅಂತರವೂ ಕರಗುತ್ತದೆ. ಇಷ್ಟೆಲ್ಲ ದಾಟಿ ಉಳಿಯಬೇಕಾದ್ದು ಧಕಾರದ ಗೀಟು!

ಸೂತ್ರಗಳ ಮೇಲೂ ನನಗೊಂದು ತಕರಾರಿದೆ. 4.5 ಎಂಬ ಲೆಕ್ಕ ಬಣ್ಣವನ್ನಷ್ಟೇ ಅಳೆಯುತ್ತದೆ, ಗೆರೆಯ ದಪ್ಪವನ್ನಲ್ಲ. ಕೂದಲೆಳೆಯಂಥ ಗೆರೆ ಕಪ್ಪಾಗಿದ್ದರೂ ತೆರೆಯ ಮೇಲೆ ಬೂದಿಯಾಗಿಯೇ ಕಾಣುತ್ತದೆ. 'ದೊಡ್ಡಕ್ಷರ'ವೆಂದರೆ 18 ಪಾಯಿಂಟು ಎಂದು ಹೇಳುವಾಗ ಚೀನೀ, ಜಪಾನೀ, ಕೊರಿಯನ್ ಅಕ್ಷರಗಳಿಗೆ ಅದಕ್ಕೆ ಸಮನಾದ ಗಾತ್ರವೆಂದು ಸೇರಿಸಿದ್ದಾರೆ. ಒತ್ತು ಹೊತ್ತ ನಮ್ಮ ಲಿಪಿಗಳ ಹೆಸರು ಅಲ್ಲಿಲ್ಲ. 2018ರ ಪರಿಷ್ಕರಣೆಯಲ್ಲಿ, ಓದುವವರು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಹಿಗ್ಗಿಸಿಕೊಂಡರೂ ಪುಟ ಕೆಡಬಾರದೆಂಬ ಮಾತು ಬಂದದ್ದು ಒಳ್ಳೆಯದಾಯಿತು. ಕನ್ನಡಕ್ಕೆ ಅದು ಹಿಗ್ಗಿಸಿಕೊಳ್ಳುವ ಸೌಕರ್ಯವಾಗದೆ, ಹುಟ್ಟುವಾಗಲೇ ಕೊಡುವ ಅಳತೆಯಾಗಬೇಕೆಂದು ನಾನು ಕೇಳುತ್ತೇನೆ. ಕೇಂದ್ರ ಸರ್ಕಾರವೂ ತನ್ನ ಜಾಲತಾಣಗಳಿಗೆಂದು 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಪುಟದ ತಲೆಯಲ್ಲಿ ಅಕ್ಷರ ಹಿರಿದು-ಕಿರಿದು ಮಾಡುವ ಪುಟ್ಟ ಗುಂಡಿಗಳನ್ನು ನೀವು ನೋಡಿರಬಹುದು. ಆ ಗುಂಡಿಗಳೇ ಕಾಣದಷ್ಟು ಸಣ್ಣಗಿರುವುದು ಬೇರೆ ಮಾತು.

ಬೆರಳಿನಿಂದ ಹಿಗ್ಗಿಸಿ ನೋಡಿ ಎನ್ನುತ್ತಾರೆ ಮಕ್ಕಳು. ಹಿಗ್ಗಿಸಿದರೆ ಸಾಲಿನ ತುದಿ ತೆರೆಯಾಚೆ ಓಡುತ್ತದೆ. ಅದನ್ನು ಹಿಡಿಯಲು ಹೋದರೆ ಮೊದಲು ತಪ್ಪುತ್ತದೆ. ಅದಕ್ಕಿಂತ ಫೋನಿನ ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರವನ್ನೇ ಏರಿಸಿಕೊಳ್ಳುವುದು ವಾಸಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಏರ್ಪಾಡು ಪೊರೆಯ ಕಣ್ಣಿನ ಕೆಲವರಿಗೆ ಹಿತ, ಬೇರೆಯವರಿಗೆ ಅದರಲ್ಲೇ ಅಕ್ಷರ ಹಬೆಯಾಡಿದಂತಾಗುತ್ತದೆ. ಎರಡನ್ನೂ ಒಂದೊಂದು ದಿನ ಬಳಸಿ ನೋಡಬೇಕು. ಇಷ್ಟು ಮಾಡಿಕೊಂಡರೂ ಅರ್ಜಿಯ ಪಟ್ಟಿಗಳು ಬಗ್ಗುವುದಿಲ್ಲ. ಚಿಗಟೇರಿಯವರ ಪಾಡು ಕೇಳಿ: 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆ ಸೇರಿತು. ಅರ್ಜಿಯಲ್ಲಿ ಜಿಲ್ಲೆ ಆರಿಸಿ ಎಂದಾಗ ನಮ್ಮ ಹೆಂಗಸರು ಮೂರು ಜಿಲ್ಲೆ ಹುಡುಕಬೇಕು, ಅದೂ ಒಂದರ ಒತ್ತು ಇನ್ನೊಂದರ ಗುಡಿಸಿಗೆ ತಗಲುವಷ್ಟು ಇರುಕಾದ ಪಟ್ಟಿಯಲ್ಲಿ.

ಈಚೆಗೆ ಕೆಲವು ಬಸ್ಸುಗಳ ಹಣೆಗೆ ಬಣ್ಣದ ಬೋರ್ಡು ಹೋಗಿ ಕೆಂಪು ಚುಕ್ಕಿಗಳು ಹರಿದಾಡುವ ವಿದ್ಯುತ್ ಬೋರ್ಡು ಬಂದಿದೆ. ಮತ್ತೆ ಅದೇ ಬೆರಳೆಣಿಕೆಯ ಚುಕ್ಕಿಗಳ ರಂಗೋಲಿ. ಪೇಂಟರು ಒತ್ತಿಗೆ ಜಾಗ ಸಾಲದಿದ್ದರೆ ಅಕ್ಷರವನ್ನೇ ತುಸು ಮೇಲಕ್ಕೆತ್ತಿ ಬರೆಯುತ್ತಿದ್ದ, ಬೋರ್ಡಿನ ಅಂಚಿಗೆ ಬಂದರೆ ಕೊನೆಯ ಎರಡು ಅಕ್ಷರ ಸಣ್ಣದು ಮಾಡಿ ತೂರಿಸುತ್ತಿದ್ದ. ಚುಕ್ಕಿಯ ಬೋರ್ಡಿಗೆ ಆ ದಾಕ್ಷಿಣ್ಯ ತಿಳಿಯದು. 'ಹಗರಿಬೊಮ್ಮ' ಎಂಬುದು ಬಂದು, 'ನಹಳ್ಳಿ' ಬರುವಷ್ಟರಲ್ಲಿ ಬಸ್ಸು ಮುಂದೆ ಸರಿದಿರುತ್ತದೆ. ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಹೆಂಗಸರು ಬೋರ್ಡಿನ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರನನ್ನು ಕೇಳುತ್ತಾರೆ: "ಎಲ್ಲಿಗಪ್ಪಾ ಇದು?"